ಊರಿನ ಬೆಂಕಿಗೆ ಊರಿನ ಕೈ
(ಅಗ್ನಿಶಾಮಕ ಸಪ್ತಾಹದ ನಿಮಿತ್ತ ಟಿ.ಬಿ. ಡ್ಯಾಂನಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



1944ನೆಯ ಏಪ್ರಿಲ್ 14ರಂದು ಮುಂಬಯಿಯ ಹಡಗುಕಟ್ಟೆಯಲ್ಲಿ ಮದ್ದುಗುಂಡು ತುಂಬಿದ ಹಡಗೊಂದು ಸಿಡಿಯಿತು. ಬೆಂಕಿಯನ್ನಾರಿಸಲು ಹೋದವರಲ್ಲಿ ಅನೇಕರು ಪ್ರಾಣವನ್ನೊಪ್ಪಿಸಿದರು. ಪ್ರತಿವರ್ಷವೂ ಆ ದಿನ ಮೊದಲುಗೊಂಡು ಒಂದು ವಾರ ಅವರನ್ನು ನೆನೆಯುವೆವು. ಹೂಮಾಲೆ ಹಾಕುವದು ಸುಲಭ. ಅಂತಹ ಕೆಲಸಕ್ಕೆ ಬೇಕಾದ ಹಣವನ್ನು ಯಾರು ಕೊಡತಕ್ಕದ್ದು ಎಂದು ಕೇಳುವದು ಕಠಿಣ. ಆ ಕಠಿಣವಾದ ಪ್ರಶ್ನೆಯನ್ನೇ ಇಂದು ತಮ್ಮ ಮುಂದಿಡುವೆವು.

ನಮ್ಮ ಸೀಮೆಯ ಸ್ಥಿತಿಯನ್ನು ನೋಡಿರಿ. ಬೇಸಿಗೆ ಬಂತೆಂದರೆ ಹೊಸಪೇಟೆ ಕಂಪ್ಲಿಗಳ ಕಬ್ಬಿನ ಗದ್ದೆಗಳಲ್ಲಿ ಒಣಗಿದ ರವದಿ ಒಂದು ಕಿಡಿಗಾಗಿ ಕಾದಿರುವದು. ಹಳ್ಳಿಗಳಲ್ಲಿ ಹುಲ್ಲಿನ ಬಣವೆಗಳು ಮನೆಗಳಿಗೆ ಅಂಟಿಕೊಂಡಿರುವವು. ಹಳೆಯ ಪೇಟೆಯ ಓಣಿಗಳಲ್ಲಿ ದೊಡ್ಡ ವಾಹನವು ತಿರುಗಲಾರದು. ಸರಕಾರದ ಅಗ್ನಿಶಾಮಕರ ಧೈರ್ಯದಲ್ಲಾಗಲಿ ದಕ್ಷತೆಯಲ್ಲಾಗಲಿ ನಮಗೆ ಸಂಶಯವಿಲ್ಲ, ಅವರು ಬರಲೇಬೇಕು. ಆದರೆ ಬೆಂಕಿಯ ಮೊದಲ ಹತ್ತು ನಿಮಿಷಗಳು ನೆರೆಯವನ ಕೈಯಲ್ಲಿರುವವು. ಆತನಿಗೆ ತರಬೇತಿಯೂ ಕೈಗೆಟುಕುವ ಪಂಪು ಕೊಳವೆಗಳೂ ಇದ್ದರೆ ಒಂದು ಬಣವೆ ಹೋಗುವದು. ಇಲ್ಲದಿದ್ದರೆ ಕೇರಿಯೇ ಹೋದೀತು.

ಇದು ಹೊಸ ಮಾತಲ್ಲ. ಚಿಲಿ ದೇಶದಲ್ಲಿ ಅಗ್ನಿಶಾಮಕರೆಲ್ಲರೂ ಸ್ವಯಂಸೇವಕರೇ. ಜರ್ಮನಿಯಲ್ಲಿ ಅವರ ಸಂಖ್ಯೆ ಸುಮಾರು 10 ಲಕ್ಷ. ಅಮೆರಿಕೆಯ ಅನೇಕ ಚಿಕ್ಕ ಊರುಗಳಲ್ಲಿ ಆಸ್ತಿ ತೆರಿಗೆಯ ಒಂದು ಪಾಲು ಸ್ವಯಂಸೇವಕ ದಳಕ್ಕೆಂದೇ ಮೀಸಲು. ಅದನ್ನು ಹೆಚ್ಚಿಸಬೇಕಾದರೆ ಹಲವೆಡೆ ಊರವರ ಮತವನ್ನೇ ಕೇಳುವರು. ಆಳು ಪುಕ್ಕಟೆ ಬಂದರೂ ಶಿರಸ್ತ್ರಾಣ, ಬೂಟು, ಕೊಳವೆ, ವಿಮೆಗಳು ಪುಕ್ಕಟೆ ಬಾರವು. ಚಂದಾ ಎತ್ತೋಣವೆಂದರೆ, ಹೊಗೆ ಅಡಗುವ ಮೊದಲೇ ದಾನಿಗಳ ಉತ್ಸಾಹವು ಅಡಗುವದು. ಬೆಂಕಿಯಿಂದ ಉಳಿಯುವದು ಆಸ್ತಿ. ಆದ್ದರಿಂದ ಆಸ್ತಿಯ ಮೇಲಿನ ತೆರಿಗೆಯೇ ಇದರ ನ್ಯಾಯವಾದ ಮೂಲವು.

ನಮ್ಮ ಕಾನೂನು ಏನು ಹೇಳುವದು? 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೆಯ ಅನುಸೂಚಿಯಲ್ಲಿ, ಪೌರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ನಡುವೆ, ಅಗ್ನಿಶಾಮಕ ಸೇವೆಯು 7ನೆಯ ಬಾಬು. ಆದರೂ ನಮ್ಮ ರಾಜ್ಯದಲ್ಲಿ ಅದು ಸರಕಾರದ ಇಲಾಖೆಯ ಕೆಲಸವಾಗಿಯೇ ಉಳಿದಿದೆ. 2023ರಲ್ಲಿ ವಿಧಾನಮಂಡಲವು ಹೊಸ ಬಹುಮಹಡಿ ಕಟ್ಟಡಗಳ ಆಸ್ತಿ ತೆರಿಗೆಯ ಮೇಲೆ ಶೇಕಡಾ 1ರ ಅಗ್ನಿ ಕರವನ್ನು ವಿಧಿಸಲು ಒಪ್ಪಿತು. ಅದು ಬೆಂಗಳೂರಿಗೆ ಒಪ್ಪುವ ಮಾತು. ತಗ್ಗು ಮನೆಗಳ ಕಂಪ್ಲಿಗೆ, ಸಂಡೂರಿಗೆ ಅದರಿಂದ ಎಷ್ಟು ಬಂದೀತು? ಇತ್ತ, ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೆಂದು ಶೇಕಡಾ 6ನ್ನೂ ಭಿಕ್ಷುಕರ ಕರವೆಂದು ಶೇಕಡಾ 3ನ್ನೂ ನಾವು ಕೊಡುತ್ತಲೇ ಇರುವೆವು. ಓದಿಗೂ ಅನಾಥರಿಗೂ ಕೊಡುವ ಊರು ತನ್ನ ಸೂರಿಗೆ ಶೇಕಡಾ 2ನ್ನು ಕೊಡಲಾರದೇ?

ಲೆಕ್ಕ ಹಾಕಿರಿ. ಒಂದು ಮನೆಗೆ ವರ್ಷಕ್ಕೆ 2,000 ರೂಪಾಯಿ ತೆರಿಗೆಯೆಂದು ಭಾವಿಸೋಣ. ಶೇಕಡಾ 2 ಎಂದರೆ 40 ರೂಪಾಯಿ. ಅಂಥ 10,000 ಮನೆಗಳಿಂದ 4 ಲಕ್ಷ. ಇದರಿಂದ ದೊಡ್ಡ ವಾಹನ ಬಾರದು. ಸ್ವಯಂಸೇವಕರ ವಿಮೆ, ಸಲಕರಣೆ, ಕವಾಯತುಗಳಿಗೆ ವರ್ಷವರ್ಷವೂ ಆಧಾರವಾಗುವದು. ಏಪ್ರಿಲ್‌ನಲ್ಲಿ ತೆರಿಗೆ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿಯುಂಟು. ಅದೇ ಮನೆಯವನಿಗೆ 100 ರೂಪಾಯಿ ಉಳಿಯುವದು. ಅದರಲ್ಲಿ ಅರ್ಧವನ್ನೂ ನಾವು ಕೇಳುತ್ತಿಲ್ಲ.

"ಕೊಟ್ಟ ಹಣವು ಬೇರೆ ಕಡೆ ಹರಿದುಹೋದರೆ?" ಎಂದು ತಾವು ಕೇಳುವಿರಿ. ಈ ಶಂಕೆಯು ಸುಳ್ಳಲ್ಲ. ಅದಕ್ಕಾಗಿಯೇ ಕರವು ಊರಿನ ಖಾತೆಯಲ್ಲಿಯೇ ಉಳಿಯಬೇಕು, ಜಮಾಖರ್ಚು ಪ್ರತಿ ವಾರ್ಡಿನಲ್ಲಿ ಗೋಡೆಗೆ ಅಂಟಿಸಲ್ಪಡಬೇಕು, ಮೊದಲ ರೂಪಾಯಿ ಸ್ವಯಂಸೇವಕರ ವಿಮೆಗೆ ಹೋಗಬೇಕು. ಕಾಯಿದೆಯ ಅಧಿಕಾರವಿಲ್ಲದೆ ತೆರಿಗೆ ಹಾಕಕೂಡದೆಂದು ಸಂವಿಧಾನದ 265ನೆಯ ಅನುಚ್ಛೇದವು ಸಾರುವದು. ಆದ್ದರಿಂದ ಬರಿಯ ಠರಾವು ಸಾಲದು, ವಿಧಾನಮಂಡಲವೇ ಇದಕ್ಕೆ ದಾರಿ ಮಾಡಿಕೊಡಬೇಕು. ಅಲ್ಲಿಯ ವರೆಗೆ ಪೌರಸಂಸ್ಥೆಯು ಈಗಿರುವ ತೆರಿಗೆಯಲ್ಲಿಯೇ ಒಂದು ಪಾಲನ್ನು ಆಯವ್ಯಯದಲ್ಲಿ ತೆಗೆದಿರಿಸಲಿ.

ಈ ನೆಲಕ್ಕೆ ಇದು ಪರಕೀಯವಾದ ವಿಚಾರವಲ್ಲ. ವಿಜಯನಗರ ಕಾಲದ ಶಾಸನಗಳಲ್ಲಿ ದಶವಂದ, ಕಟ್ಟುಕೊಡಗೆ ಎಂಬ ಮಾತುಗಳನ್ನು ಕಾಣುವೆವು: ಕೆರೆಯನ್ನು ಕಟ್ಟಿ ಕಾಪಾಡಿದವನಿಗೆ ಭೂಮಿಯ ಪಾಲು. ಊರಿನ ರಕ್ಷಣೆಯ ವೆಚ್ಚವನ್ನು ಊರಿನ ನೆಲವೇ ಹೊರಬೇಕೆಂದು ಹಿರಿಯರು ಅರಿತಿದ್ದರು. ಮೊನ್ನೆ 2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಹರಿದು ಬಾಗಿಲು ಕೊಚ್ಚಿಹೋಯಿತು. ನುರಿತ ಇಂಜಿನಿಯರರೂ ಕೆಲಸಗಾರರೂ ಹರಿಯುವ ನೀರಿನಲ್ಲಿಯೇ ಒಂದು ವಾರದಲ್ಲಿ ತಾತ್ಕಾಲಿಕ ತಡೆಯನ್ನು ನಿಲ್ಲಿಸಿದರು. ನೀರು ನಮಗೆ ಒಂದು ವಾರದ ಅವಕಾಶ ಕೊಟ್ಟಿತು. ಬೆಂಕಿ ಕೊಡದು.

ಉಪಾಧ್ಯಾಯ ಬಂಧುಗಳೇ, ತಮ್ಮ ಮೇಲಿನ ತರಗತಿಯ ಹುಡುಗರನ್ನು ಕರೆದುಕೊಂಡು ಕೇರಿಕೇರಿಯಲ್ಲಿ ಬಣವೆ, ಬಾವಿ, ನಲ್ಲಿ, ಇಕ್ಕಟ್ಟಿನ ಓಣಿಗಳ ನಕ್ಷೆಯನ್ನು ಬರೆಯಿಸಿರಿ. ಮಹಾಜನರೇ, ಆ ನಕ್ಷೆಯನ್ನು ಅರ್ಜಿಗೆ ಲಗತ್ತಿಸಿ, ಆಯವ್ಯಯದ ಸಭೆ ಕೂಡುವ ಮೊದಲೇ ಪೌರಸಂಸ್ಥೆಗೆ ಒಪ್ಪಿಸಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯು ನಮ್ಮ ಊರಿನ ಹೆಸರಿನೊಡನೆ ಸೇರದಿರಲಿ.