ಯಂತ್ರವಿಲ್ಲದೆ ಮನೆಯಲ್ಲೇ ಹಣ್ಣಿನ ಐಸ್‌ಕ್ರೀಂ ತಯಾರಿಕೆ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮೇ ತಿಂಗಳು ಬಂತೆಂದರೆ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಧಾರವಾಡ ಭಾಗಗಳ ಮಾವಿನ ತೋಪುಗಳಲ್ಲಿ ಕೊಯ್ಲಿನ ಭರಾಟೆ. ಗಟ್ಟಿಯಾದ, ಕಲೆಯಿಲ್ಲದ, ಒಂದೇ ಗಾತ್ರದ ಕಾಯಿ ಮಂಡಿಗೆ ಹೋಗುತ್ತದೆ. ಮರದಲ್ಲೇ ಹಣ್ಣಾದದ್ದು, ಸಿಪ್ಪೆಯ ಮೇಲೆ ಕಲೆ ಬಿದ್ದದ್ದು, ಸಣ್ಣದು ಮನೆಯಲ್ಲೇ ಉಳಿಯುತ್ತದೆ. ಮನೆಮಂದಿ ತಿಂದಷ್ಟು ತಿಂದು ಬಿಟ್ಟದ್ದು ಎರಡು ದಿನಗಳಲ್ಲಿ ಗೊಬ್ಬರದ ಗುಂಡಿ ಸೇರುತ್ತದೆ. ಅದೇ ಮಧ್ಯಾಹ್ನ ಬೀದಿಯಲ್ಲಿ ಗಂಟೆಯ ಸದ್ದು ಕೇಳಿದರೆ ಮಕ್ಕಳು ಬಣ್ಣದ ಐಸ್‌ಕ್ಯಾಂಡಿಗಾಗಿ ಓಡುತ್ತಾರೆ. ಮನೆಯ ಹಣ್ಣು ತಿಪ್ಪೆಗೆ, ಮನೆಯ ಹಣ ಐಸ್‌ಕ್ಯಾಂಡಿಗೆ ಎಂಬಂತಾಗುತ್ತದೆ.

ಮಂಡಿಗೆ ಬೇಡವಾದ ಈ ಪೂರ್ಣ ಮಾಗಿದ ಹಣ್ಣೇ ಐಸ್‌ಕ್ರೀಮಿಗೆ ಬೇಕಾದ ಹಣ್ಣು. ಸಾಗಾಣಿಕೆಗೆ ಅದು ಮೆತ್ತಗಾಯಿತು ನಿಜ. ಆದರೆ ಅದರ ಸಿಹಿ, ಪರಿಮಳಗಳು ಆಗಲೇ ಪೂರ್ಣವಾಗಿರುತ್ತವೆ. ಹಾಲು ಮನೆಯಲ್ಲಿದೆ, ಸೊಪ್ಪು ಹಿತ್ತಲಲ್ಲಿದೆ. ಹೊರಗಿನಿಂದ ತರಬೇಕಾದದ್ದು ಸಕ್ಕರೆ, ಮಂಜುಗಡ್ಡೆ ಮತ್ತು ಕಲ್ಲುಪ್ಪು ಮಾತ್ರ.

ಒಂದು ಮಾತನ್ನು ಮೊದಲೇ ಹೇಳಬೇಕು. ಒಂದು ಸಲದ ತಯಾರಿಕೆಗೆ ಕಾಲು ಕಿಲೋ ತಿರುಳು ಸಾಕು. ಆದ್ದರಿಂದ ಮಾವಿನ ಬೆಲೆ ಕುಸಿದಾಗ ಐಸ್‌ಕ್ರೀಂ ತೋಟವನ್ನು ಉಳಿಸೀತೆಂದು ಯಾರೂ ಎಣಿಸಬಾರದು. ಇದರ ಲಾಭವಿರುವುದು ಮನೆಮಂದಿಯ ಆಹಾರದಲ್ಲಿ, ಮಕ್ಕಳ ಆರೋಗ್ಯದಲ್ಲಿ. ಆ ಲಾಭವೂ ಶುಚಿತ್ವ ಕಾಯ್ದುಕೊಂಡಾಗ ಮಾತ್ರ ಸಿಗುತ್ತದೆ.

ಉಪ್ಪಿನಿಂದ ತಂಪು ಹೇಗೆ?

ಐಸ್‌ಕ್ರೀಂ ಯಂತ್ರಕ್ಕಿಂತ ಹಳೆಯದು. ಕೈಯಿಂದ ತಿರುಗಿಸುವ ಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಪೇಟೆಂಟ್ ಪಡೆದದ್ದು 1843ರಲ್ಲಿ. ಅದಕ್ಕೆ ಮೊದಲು ಪಾತ್ರೆಯನ್ನು ಮಂಜುಗಡ್ಡೆ ಮತ್ತು ಉಪ್ಪಿನ ಮಧ್ಯೆ ಇಟ್ಟು ಕೈಯಿಂದಲೇ ತಿರುಗಿಸುತ್ತಿದ್ದರು. ಆ ವಿಧಾನ ಇಂದಿಗೂ ಉಪಯುಕ್ತ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಬರಿಯ ಮಂಜುಗಡ್ಡೆ ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಆದರೆ ಸಕ್ಕರೆ ಬೆರೆತ ಹಾಲು ಸೊನ್ನೆಯಲ್ಲಿ ಗಟ್ಟಿಯಾಗುವುದಿಲ್ಲ; ಅದು ಹೆಪ್ಪುಗಟ್ಟಲು ಶುರುವಾಗುವುದೇ ಸೊನ್ನೆಗಿಂತ 2–3 ಡಿಗ್ರಿ ಕೆಳಗೆ. ಮಂಜುಗಡ್ಡೆಗೆ ಉಪ್ಪು ಸೇರಿಸಿದಾಗ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ಅದು ಕರಗತೊಡಗುತ್ತದೆ. 1 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ಅದು ಪಕ್ಕದಲ್ಲಿರುವ ಪಾತ್ರೆಯ ಹಾಲಿನಿಂದ ಎಳೆದುಕೊಳ್ಳುತ್ತದೆ. ತೂಕದಲ್ಲಿ 3 ಭಾಗ ಮಂಜುಗಡ್ಡೆಗೆ 1 ಭಾಗ ಉಪ್ಪು ಬೆರೆಸಿದರೆ ಉಷ್ಣತೆ ಸೊನ್ನೆಗಿಂತ 15–20 ಡಿಗ್ರಿಯಷ್ಟು ಕೆಳಗಿಳಿಯಬಲ್ಲದು. ಇನ್ನೂ ಹೆಚ್ಚು ಉಪ್ಪು ಸುರಿಯುವುದರಿಂದ ಪ್ರಯೋಜನವಿಲ್ಲ.

ಬೇಕಾಗುವ ಸಾಮಾನುಗಳು

ಎಮ್ಮೆಯ ಹಾಲು 1 ಲೀಟರ್, ಸಕ್ಕರೆ 125 ಗ್ರಾಂ, ಮಾವಿನ ತಿರುಳು 250 ಗ್ರಾಂ, ಹಾಲಿನ ಕೆನೆ 100 ಗ್ರಾಂ, ಕಾರ್ನ್‌ಫ್ಲೋರ್ 1 ದೊಡ್ಡ ಚಮಚ. ಕಾರ್ನ್‌ಫ್ಲೋರ್ ಎಂದರೆ ಮುಸುಕಿನ ಜೋಳದಿಂದ ತೆಗೆದ ಬಿಳಿ ಪಿಷ್ಟ; ರೊಟ್ಟಿಯ ಜೋಳದ ಹಿಟ್ಟು ಬಳಸಬಾರದು. ಹಸುವಿನ ಹಾಲಾದರೆ ಒಂದೂವರೆ ಲೀಟರ್ ತೆಗೆದುಕೊಂಡು ಅಷ್ಟೇ ಪ್ರಮಾಣಕ್ಕೆ ಇಳಿಸಬೇಕು.

ತಂಪು ಮಾಡಲು ಪುಡಿ ಮಾಡಿದ ಮಂಜುಗಡ್ಡೆ 4 ಕಿಲೋ, ಕಲ್ಲುಪ್ಪು ಒಂದೂಕಾಲು ಕಿಲೋ. ಊರಿನಲ್ಲಿ ಮಂಜುಗಡ್ಡೆ ಸಿಗದಿದ್ದರೆ ಮನೆಯ ಫ್ರಿಜ್ಜಿನಲ್ಲಿ ಎರಡು ದಿನ ಮೊದಲಿನಿಂದ ನೀರು ಗಟ್ಟಿ ಮಾಡಿ ಕೂಡಿಡಬಹುದು. ಬಿಗಿ ಮುಚ್ಚಳವಿರುವ 2 ಲೀಟರಿನ ಸ್ಟೀಲ್ ಡಬ್ಬಿ, ಅದು ಒಳಗೆ ಕುಳಿತು ಸುತ್ತಲೂ ನಾಲ್ಕು ಬೆರಳು ಜಾಗ ಉಳಿಯುವಂಥ ಪ್ಲಾಸ್ಟಿಕ್ ಬಕೆಟ್, ಬಕೆಟ್ಟಿಗೆ ಸುತ್ತಲು ಗೋಣಿಚೀಲ ಮತ್ತು ಉದ್ದ ಹಿಡಿಯ ಮರದ ಸೌಟು ಇದ್ದರೆ ಸಾಕು.

ತಯಾರಿಸುವ ವಿಧಾನ

ಹಾಲನ್ನು ಚೆನ್ನಾಗಿ ಕುದಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತ ಸುಮಾರು 600 ಮಿಲಿಲೀಟರಿಗೆ ಇಳಿಸಬೇಕು. ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಕಾರ್ನ್‌ಫ್ಲೋರನ್ನು ಗಂಟಿಲ್ಲದಂತೆ ಕದಡಿ ಸೇರಿಸಿ, ಮತ್ತೆ 3–4 ನಿಮಿಷ ಕುದಿಸಬೇಕು. ಸಕ್ಕರೆ, ಕೆನೆ ಹಾಕಿ ಇನ್ನೊಂದು ಕುದಿ ಬಂದ ಮೇಲೆ ಇಳಿಸಬೇಕು. ಪಾತ್ರೆಯನ್ನು ಮುಚ್ಚಿ ತಣ್ಣೀರಿನಲ್ಲಿಟ್ಟು ಬೇಗ ಆರಿಸಬೇಕು. ಬಳಿಕ ಫ್ರಿಜ್ಜಿನಲ್ಲೋ ಮಂಜುಗಡ್ಡೆಯ ಮೇಲೋ ಇಟ್ಟು ಚೆನ್ನಾಗಿ ತಂಪು ಮಾಡಬೇಕು. ಬಿಸಿ ಮಿಶ್ರಣವನ್ನೇ ಡಬ್ಬಿಗೆ ಸುರಿದರೆ ಮಂಜುಗಡ್ಡೆಯೆಲ್ಲ ಅದನ್ನು ಆರಿಸುವುದರಲ್ಲೇ ಕರಗಿಹೋಗುತ್ತದೆ. ಹಣ್ಣಿನ ತಿರುಳನ್ನು ಸೋಸಿ, ತಂಪಾದ ಹಾಲಿಗೆ ಕೊನೆಯಲ್ಲಿ ಸೇರಿಸಬೇಕು.

ಡಬ್ಬಿಯ ಮುಕ್ಕಾಲು ಭಾಗ ಮಾತ್ರ ತುಂಬಿಸಿ ಮುಚ್ಚಳ ಹಾಕಬೇಕು. ಬಕೆಟ್ಟಿನ ತಳಕ್ಕೆ ಒಂದು ಪದರ ಮಂಜುಗಡ್ಡೆ ಹಾಕಿ, ಡಬ್ಬಿಯನ್ನು ನಡುವೆ ಕೂರಿಸಿ, ಸುತ್ತಲೂ ಒಂದು ಪದರ ಮಂಜುಗಡ್ಡೆ, ಒಂದು ಪದರ ಉಪ್ಪಿನಂತೆ ತುಂಬಬೇಕು. ಉಪ್ಪುನೀರು ಒಳಹೋಗದಂತೆ ಡಬ್ಬಿಯ ಬಾಯಿ ಮಂಜುಗಡ್ಡೆಗಿಂತ ಎರಡು ಬೆರಳು ಮೇಲಿರಲಿ. ಆಮೇಲೆ ಡಬ್ಬಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರಬೇಕು. 4–5 ನಿಮಿಷಕ್ಕೊಮ್ಮೆ ಮುಚ್ಚಳ ಒರೆಸಿ ತೆಗೆದು, ಗೋಡೆಗೆ ಹತ್ತಿದ್ದನ್ನು ಸೌಟಿನಿಂದ ಕೆರೆದು, ಮಜ್ಜಿಗೆ ಕಡೆದಂತೆ ಬಲವಾಗಿ ಕಲಸಬೇಕು. ಈ ಕೆರೆಯುವಿಕೆಯಲ್ಲೇ ಐಸ್‌ಕ್ರೀಮಿನ ಗುಟ್ಟಿದೆ. ಹರಳುಗಳು ದೊಡ್ಡದಾಗುವ ಮೊದಲೇ ಒಡೆದು ನುಣ್ಣಗಾಗುತ್ತವೆ, ಒಂದಷ್ಟು ಗಾಳಿಯೂ ಸೇರುತ್ತದೆ. ಸುಮಾರು 30ರಿಂದ 45 ನಿಮಿಷಗಳಲ್ಲಿ ಮಿಶ್ರಣವು ಗಟ್ಟಿ ಮೊಸರಿನಂತಾಗಿ ಸೌಟು ತಿರುಗಿಸುವುದು ಕಷ್ಟವಾಗುತ್ತದೆ. ಆಗ ಮೇಲ್ಭಾಗ ಸಮಮಾಡಿ ಮುಚ್ಚಿ, ಕರಗಿದ ನೀರನ್ನು ಸ್ವಲ್ಪ ಬಗ್ಗಿಸಿ, ಹೊಸ ಮಂಜುಗಡ್ಡೆ ಮತ್ತು ಉಪ್ಪು ತುಂಬಿ, ಗೋಣಿಚೀಲ ಹೊದಿಸಿ ಒಂದರಿಂದ ಎರಡು ಗಂಟೆ ಬಿಡಬೇಕು.

ಉಪ್ಪು ಬೆರೆತ ಮಂಜುಗಡ್ಡೆಯನ್ನು ಬರಿಗೈಯಲ್ಲಿ ಹಿಡಿದರೆ ಸುಟ್ಟಂಥ ಗಾಯವಾಗುತ್ತದೆ. ದಪ್ಪ ಬಟ್ಟೆ ಬಳಸಬೇಕು, ಮಕ್ಕಳನ್ನು ದೂರವಿಡಬೇಕು.

ಫ್ರಿಜ್ಜಿನಲ್ಲಿ ಫ್ರೀಜರ್ ಇರುವ ಮನೆಯಲ್ಲಿ ಇಷ್ಟೂ ಶ್ರಮ ಬೇಕಿಲ್ಲ. ತಂಪಾದ ಮಿಶ್ರಣವನ್ನು ಅಗಲವಾದ, ಆಳವಿಲ್ಲದ ಪಾತ್ರೆಗೆ ಸುರಿದು ಫ್ರೀಜರಿನಲ್ಲಿಟ್ಟು, ಅಂಚು ಗಟ್ಟಿಯಾಗುತ್ತಿದ್ದಂತೆ ತೆಗೆದು ಚೆನ್ನಾಗಿ ಕಡೆದು ಮತ್ತೆ ಇಡಬೇಕು. ಅರ್ಧ ಗಂಟೆಗೊಮ್ಮೆ ಹೀಗೆ ಮೂರು ನಾಲ್ಕು ಸಲ ಮಾಡಬೇಕು.

ಯಾವ ಹಣ್ಣಿಗೆ ಯಾವ ಎಚ್ಚರ?

ಮಾವಿನಲ್ಲಿ ಬಾದಾಮಿ, ರಸಪುರಿ ತಳಿಗಳು ಉತ್ತಮ. ಹಣ್ಣನ್ನು ಹೋಳು ಮಾಡಿ ನೋಡಿಯೇ ಬಳಸಬೇಕು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಹಣ್ಣುನೊಣದ ಹುಳುಗಳಿರಬಹುದು. ಸಪೋಟ, ಹಲಸಿನ ತೊಳೆಗಳನ್ನು ನುಣ್ಣಗೆ ಅರೆದು ಹಾಕಬಹುದು. ಸೀಬೆ ತಿರುಳನ್ನು ಸೋಸಿ ಬೀಜ ತೆಗೆಯಬೇಕು.

ಅನಾನಸನ್ನು ಹಸಿಯಾಗಿ ಹಾಕಿದರೆ ಹಾಲು ಒಡೆಯುತ್ತದೆ, ಕಹಿಯೂ ಆಗುತ್ತದೆ. ಅದರಲ್ಲಿ ಹುಳಿಯ ಜೊತೆಗೆ ಹಾಲಿನ ಸಸಾರಜನಕವನ್ನು ಒಡೆಯುವ ಕಿಣ್ವವೂ ಇದೆ. ಆದ್ದರಿಂದ ತಿರುಳನ್ನು ಸಕ್ಕರೆಯೊಡನೆ 5–6 ನಿಮಿಷ ಕುದಿಸಿ, ಪೂರ್ತಿ ಆರಿಸಿ ಸೇರಿಸಬೇಕು. ಸೀತಾಫಲ ಇದಕ್ಕೆ ತದ್ವಿರುದ್ಧ. ಅದನ್ನು ಬಿಸಿ ಮಾಡಿದರೆ ಕಹಿಯಾಗುತ್ತದೆ. ಹಸಿಯಾಗಿಯೇ ತಣ್ಣನೆಯ ಹಾಲಿಗೆ ಹಾಕಬೇಕು. ಅದರ ಬೀಜ ವಿಷಕಾರಿ. ಕೈಯಿಂದ ಬೀಜ ಬಿಡಿಸಬೇಕೇ ಹೊರತು ಮಿಕ್ಸಿಗೆ ಹಾಕಬಾರದು.

ಕಾರ್ಬೈಡ್ ಹಾಕಿ ಮಾಗಿಸುವುದು ಕಾನೂನಿನಲ್ಲಿ ನಿಷಿದ್ಧ. ಮನೆಬಳಕೆಯ ಹಣ್ಣನ್ನು ಹುಲ್ಲಿನಲ್ಲಿಟ್ಟು ಮಾಗಿಸುವುದೇ ಲೇಸು. ಬಾವಲಿ ಅಥವಾ ಅಳಿಲು ಕಚ್ಚಿದ ಹಣ್ಣು, ನೆಲಕ್ಕೆ ಬಿದ್ದು ಒಡೆದ ಹಣ್ಣು ಎಷ್ಟೇ ಸಿಹಿಯಾಗಿದ್ದರೂ ಬೇಡ. 2018ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಪಾ ರೋಗದ ವೈರಾಣು ಹಣ್ಣು ತಿನ್ನುವ ಬಾವಲಿಗಳಲ್ಲಿ ನೆಲೆಸಿರುವಂಥದು. ಸಿಪ್ಪೆಯ ಮೇಲಿನ ಕಲೆ ಬೇರೆ, ಕಚ್ಚಿದ ಗುರುತು ಬೇರೆ.

ಹಿತ್ತಲಿನ ಸೊಪ್ಪು, ಬೇರುಗಳು

ತುಳಸಿ, ಪುದೀನ, ಮಜ್ಜಿಗೆ ಹುಲ್ಲು, ಲಾವಂಚದ ಬೇರು ಇವು ಐಸ್‌ಕ್ರೀಮಿಗೆ ಒಳ್ಳೆಯ ಪರಿಮಳ ಕೊಡುತ್ತವೆ. ಇಳಿಸಿದ ಬಿಸಿ ಹಾಲಿನಲ್ಲಿ ತೊಳೆದ ಸೊಪ್ಪನ್ನು ಜಜ್ಜಿ ಹಾಕಿ, ಮುಚ್ಚಿ 15 ನಿಮಿಷ ಬಿಟ್ಟು ಸೋಸಬೇಕು. 1 ಲೀಟರ್ ಹಾಲಿಗೆ 15–20 ತುಳಸಿ ಎಲೆ, ಅಥವಾ ಒಂದು ಸಣ್ಣ ಹಿಡಿ ಪುದೀನ, ಅಥವಾ ಎರಡು ಎಸಳು ಮಜ್ಜಿಗೆ ಹುಲ್ಲು ಸಾಕು. ಸೊಪ್ಪನ್ನು ಹಾಲಿನೊಡನೆ ಬಹಳ ಹೊತ್ತು ಕುದಿಸಿದರೆ ಪರಿಮಳ ಹಾರಿಹೋಗಿ ಒಗರು ಉಳಿಯುತ್ತದೆ. ಹಸಿ ಶುಂಠಿಯ ರಸವೂ ಹಾಲನ್ನು ಒಡೆಯಿಸುತ್ತದೆ. ಅದನ್ನು ಸ್ವಲ್ಪ ನೀರು, ಸಕ್ಕರೆಯೊಡನೆ ಕುದಿಸಿ ಆರಿಸಿಯೇ ಹಾಕಬೇಕು. ಮಾವಿಗೆ ತುಳಸಿ, ಅನಾನಸಿಗೆ ಪುದೀನ, ಸಪೋಟಕ್ಕೆ ಏಲಕ್ಕಿ ಚೆನ್ನಾಗಿ ಹೊಂದುತ್ತವೆ. ಔಷಧಿ ಸಿಂಪಡಿಸಿದ ತಾಕಿನ ಅಂಚಿನಲ್ಲಿ ಬೆಳೆದ ಸೊಪ್ಪನ್ನು ಬಳಸಬಾರದು.

ಕೆಟ್ಟರೆ ಕಾರಣವೇನು?

ಹಲ್ಲಿಗೆ ಸಿಗುವ ಹರಳು ಕಂಡರೆ ಹಾಲು ಸಾಕಷ್ಟು ಇಳಿದಿಲ್ಲ ಅಥವಾ ಕೆರೆದು ಕಲಸಿದ್ದು ಸಾಲದು. ಎಷ್ಟು ಹೊತ್ತಾದರೂ ಗಟ್ಟಿಯಾಗದಿದ್ದರೆ ಮಿಶ್ರಣದಲ್ಲಿ ಸಕ್ಕರೆ ಹೆಚ್ಚಾಗಿದೆ ಅಥವಾ ಹೊರಗಿನ ಉಪ್ಪು ಕಡಿಮೆಯಾಗಿದೆ. ಹಣ್ಣು ಬಹಳ ಸಿಹಿಯಾಗಿದ್ದರೆ ಸಕ್ಕರೆಯನ್ನು ಅಷ್ಟು ಕಡಿಮೆ ಮಾಡಬೇಕು. ಒಡೆದ ಹಾಲಿನಂತಾದರೆ ಹುಳಿ ಹಣ್ಣನ್ನು ಬಿಸಿಯಿರುವಾಗಲೇ ಹಾಕಲಾಗಿದೆ.

ಶೈತ್ಯ ರೋಗಾಣುಗಳನ್ನು ಕೊಲ್ಲುವುದಿಲ್ಲ

ಗಟ್ಟಿಯಾದ ಪದಾರ್ಥದಲ್ಲಿ ರೋಗಾಣು ಇರಲಾರದೆಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು. ಶೈತ್ಯದಲ್ಲಿ ರೋಗಾಣುಗಳ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಅವೆಲ್ಲ ಸಾಯುವುದಿಲ್ಲ. ಐಸ್‌ಕ್ರೀಂ ಕರಗುತ್ತಿದ್ದಂತೆ ಮತ್ತೆ ಬೆಳೆಯುತ್ತವೆ. ಆದ್ದರಿಂದ ಹಾಲನ್ನು ಕುದಿಸುವುದು, ಕೆನೆಯನ್ನೂ ಕುದಿಯಲ್ಲೇ ಸೇರಿಸುವುದು, ಡಬ್ಬಿ, ಸೌಟು, ಜರಡಿಗಳನ್ನು ಕುದಿನೀರಿನಲ್ಲಿ ತೊಳೆಯುವುದು, ಕೈಯನ್ನು ಸೋಪು ಹಾಕಿ ತೊಳೆಯುವುದು, ಹಣ್ಣನ್ನು ತೊಳೆದ ಮೇಲೆಯೇ ಕತ್ತರಿಸುವುದು, ಇವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ಅಂಗಡಿಯಿಂದ ತಂದ ಗಡ್ಡೆ ಯಾವ ನೀರಿನದೆಂದು ಗೊತ್ತಿರುವುದಿಲ್ಲ; ಅದರ ಒಂದು ಹನಿಯೂ ಡಬ್ಬಿಯೊಳಗೆ ಹೋಗಬಾರದು. ಪೂರ್ತಿ ಕರಗಿದ ಐಸ್‌ಕ್ರೀಮನ್ನು ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡಬಾರದು. ಮದುವೆ, ನಾಮಕರಣಗಳಲ್ಲಿ ಹತ್ತಾರು ಮಕ್ಕಳಿಗೆ ಹಂಚುವಾಗ ಒಂದು ಡಬ್ಬಿಯ ಅಶುಚಿತ್ವ ಹತ್ತಾರು ಮನೆಗಳಿಗೆ ವಾಂತಿಭೇದಿ ತಂದೀತು.

ಉಳಿದ ಉಪ್ಪುನೀರು

ಕೆಲಸ ಮುಗಿದ ಮೇಲೆ ಬಕೆಟ್ಟಿನಲ್ಲಿ ಉಳಿಯುವ ಉಪ್ಪುನೀರನ್ನು ಗಿಡದ ಪಾತಿಗಾಗಲಿ, ಗೊಬ್ಬರದ ಗುಂಡಿಗಾಗಲಿ ಚೆಲ್ಲಬಾರದು. ಅದರಲ್ಲಿರುವ ಒಂದು ಕಿಲೋಗೂ ಹೆಚ್ಚಿನ ಉಪ್ಪು ಬೇರುಗಳು ನೀರು ಹೀರದಂತೆ ಮಾಡುತ್ತದೆ. ಸೋಡಿಯಂ ಸೇರಿದಂತೆಲ್ಲ, ವಿಶೇಷವಾಗಿ ಎರೆಭೂಮಿಯಲ್ಲಿ, ಮಣ್ಣು ಬಿಗಿದುಕೊಂಡು ನೀರು ಇಂಗುವುದೂ ಕಡಿಮೆಯಾಗುತ್ತದೆ. ದನಕರುಗಳ ಬಾಯಿಗೂ ಸಿಗಬಾರದು. ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬಿಸಿಲಿಗಿಟ್ಟರೆ ಬೇಸಗೆಯಲ್ಲಿ ಕೆಲವೇ ದಿನಗಳಲ್ಲಿ ಉಪ್ಪು ಮತ್ತೆ ಕೈಗೆ ಸಿಗುತ್ತದೆ. ಅದನ್ನು ಅಡುಗೆಗೆ ಬಳಸದೆ, ಮುಂದಿನ ಸಲದ ಐಸ್‌ಕ್ರೀಮಿಗೆಂದು ಬೇರೆ ಇಡಬೇಕು.

ಮಾರುವ ಆಲೋಚನೆ ಇದ್ದರೆ

ಮನೆಯಲ್ಲಿ ಕೈ ಪಳಗಿದ ಮೇಲೆ ಸ್ತ್ರೀಶಕ್ತಿ ಸಂಘಗಳು ಜಾತ್ರೆ, ಸಂತೆಗಳಲ್ಲಿ ಮಾರಲು ಯೋಚಿಸುವುದು ಸಹಜ. 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ಇದಕ್ಕೆ ನೋಂದಣಿ ಅಗತ್ಯ. ಐಸ್‌ಕ್ರೀಂ ಎಂಬ ಹೆಸರಿನಲ್ಲಿ ಮಾರುವ ಪದಾರ್ಥದಲ್ಲಿ ಹಾಲಿನ ಕೊಬ್ಬು ಶೇಕಡಾ 10ಕ್ಕೆ ಕಡಿಮೆಯಿರಬಾರದೆಂಬ ನಿಯಮವಿದೆ. ಮೇಲಿನ ಪ್ರಮಾಣ ಮನೆಬಳಕೆಗೆ ಹೇಳಿದ್ದು. ಮಾರುವವರು ಕೆನೆಯನ್ನು ಹೆಚ್ಚಿಸಿ, ಕೊಬ್ಬಿನಂಶವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು.

ದಕ್ಷಿಣ ಕನ್ನಡದ ಮೂಲ್ಕಿಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ಹಣ್ಣಿನ ಐಸ್‌ಕ್ರೀಮಿನ ಸಣ್ಣ ಅಂಗಡಿ ತೆರೆದರು. 2024ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅದು ದೇಶದ ಹಲವು ನಗರಗಳಿಗೆ ಹಬ್ಬಿತ್ತು. ಮಾಗಿದ ಹಣ್ಣನ್ನು ಗುರುತಿಸುವ ವಿದ್ಯೆ ಅವರಿಗೆ ತಂದೆಯ ಕಸುಬಿನಿಂದ ಬಂದದ್ದು. ಆ ವಿದ್ಯೆ ತೋಟವಿರುವ ಪ್ರತಿ ಮನೆಯಲ್ಲೂ ಇದೆ. ಎಲ್ಲರೂ ಅಂಗಡಿ ತೆರೆಯಬೇಕಾಗಿಲ್ಲ. ಈ ಬೇಸಗೆಯಲ್ಲಿ ಒಂದು ಭಾನುವಾರ, ಮಂಡಿಗೆ ಹೋಗದೆ ಉಳಿದ ನಾಲ್ಕು ಹಣ್ಣುಗಳಿಂದ ಮೊದಲ ಪ್ರಯತ್ನ ಮಾಡಬಹುದು. ಡಬ್ಬಿ ತಿರುಗಿಸುವ ಕೆಲಸವನ್ನು ಮನೆಯ ಗಂಡಸರಿಗೆ ವಹಿಸಿದರೆ ಗೃಹಿಣಿಗೆ ಶ್ರಮವೂ ಹಗುರವಾದೀತು.