ನಿದ್ದೆ ಬಾರದವರಿಗೆ ಗುರುಗಳು

ಹಸಿದವನಿಗೆ ರುಚಿ ಬೇಡ, ದಣಿದವನಿಗೆ ಹಾಸಿಗೆ ಬೇಡ ಎನ್ನುತ್ತಾರೆ ಹಿರಿಯರು. ಆದರೆ ದಣಿದೂ ನಿದ್ದೆ ಬಾರದವನ ಪಾಡೇನು? ಕೆಲವು ವರ್ಷಗಳ ಹಿಂದೆ ನನಗೇ ಆ ಪಾಡು ಒದಗಿತ್ತು. ಹೇಗಾದರೂ ನಿದ್ದೆ ಬರಲೆಂದು ರಾತ್ರಿ 9ಕ್ಕೇ ದೀಪವಾರಿಸಿ, ಬೆಳಗಿನ 6ರವರೆಗೆ ಹೊರಳಾಡುತ್ತಿದ್ದೆ. ಹಗಲಿನಲ್ಲಿ ಪದ್ಯದ ಅನ್ವಯ ಹೇಳುತ್ತಿರುವಾಗಲೇ ಮಾತು ತಪ್ಪುತ್ತಿತ್ತು. ಗುಳಿಗೆಯೇನೋ ದೊರೆಯಿತು, ಹಾಸಿಗೆಯಲ್ಲಿ ಎಷ್ಟು ಹೊತ್ತು ಕಳೆಯುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಒಂದು ಸರಳ ಕ್ರಮವನ್ನು ಹೇಳಿದರು: ನಿದ್ದೆ ಬಂದಾಗ ಮಾತ್ರ ಮಲಗಿ, ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ರಾತ್ರಿ ಹೇಗೇ ಕಳೆದಿರಲಿ, ದಿನವೂ ಒಂದೇ ಹೊತ್ತಿಗೆ ಏಳಿ. ಹಾಸಿಗೆ ಕಂಡೊಡನೆ ಎಚ್ಚರವಾಗುವ ಅಭ್ಯಾಸ ಇದರಿಂದ ಕಳಚುತ್ತದೆ. 1987ರಲ್ಲಿ ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು ಇನ್ನೊಂದು ಉಪಾಯವನ್ನು ಪ್ರಕಟಿಸಿದರು. 9 ಗಂಟೆ ಮಲಗಿ 6 ಗಂಟೆ ನಿದ್ರಿಸುವವನಿಗೆ ಮೊದಲು 6 ಗಂಟೆ ಮಾತ್ರ ಹಾಸಿಗೆ. ನಿದ್ದೆ ಗಟ್ಟಿಯಾದಂತೆ 15 ನಿಮಿಷ ಹೆಚ್ಚಿಸುವುದು. ಇಂಥ ಕ್ರಮಗಳು ಸೇರಿದ ಚಿಕಿತ್ಸೆಯನ್ನೇ ಬಹುಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯರ ಸಂಸ್ಥೆ 2016ರಲ್ಲಿ ಸಲಹೆ ಮಾಡಿತು.

ಆದರೆ ಕೊಡಬಲ್ಲವರು ಬೇಕಲ್ಲ! ಅಮೆರಿಕ ಮತ್ತು ಕೆನಡಾಗಳಲ್ಲಿ ಚಿಕಿತ್ಸಾ ಮನಶ್ಶಾಸ್ತ್ರವನ್ನು ಕಲಿಸುವೆಡೆಗಳಲ್ಲಿ ನೂರಕ್ಕೆ 6ರಷ್ಟು ಮಾತ್ರ ನಿದ್ರೆಯನ್ನು ಪ್ರತ್ಯೇಕ ಪಾಠವಾಗಿ ಇಟ್ಟಿದ್ದುವೆಂದು 2009ರ ಒಂದು ಸಮೀಕ್ಷೆ ತಿಳಿಸಿತು.

ಪುಸ್ತಕ ಓದಿದ ಮಾತ್ರಕ್ಕೆ ಈ ವಿದ್ಯೆ ಕೈಗೂಡದು. ಉಪಾಧ್ಯಾಯರ ತರಬೇತಿಯಲ್ಲಿ ನಾವು ಪಾಠ ಮಾಡುತ್ತಿದ್ದರೆ, ಹಿರಿಯರು ಹಿಂದಿನ ಬೆಂಚಿನಲ್ಲಿ ಕುಳಿತು ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಭಾವೀ ಮನಶ್ಶಾಸ್ತ್ರಜ್ಞರೂ ಹಾಗೆಯೇ ಹಿರಿಯರ ಕಣ್ಣೆದುರಿನಲ್ಲಿ ಪಳಗಬೇಕು. ರೋಗಿ ಬರೆದಿಟ್ಟ ನಿದ್ದೆಯ ದಿನಚರಿಯನ್ನು ಓದಬೇಕು. ಬೇಸತ್ತವನಿಗೆ ಧೈರ್ಯ ಹೇಳಬೇಕು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವನನ್ನು ವೈದ್ಯರಲ್ಲಿಗೆ ಕಳುಹಿಸಬೇಕು. ಮೂರ್ಛೆರೋಗವಿರುವವರಿಗೂ ವಾಹನ ನಡೆಸುವವರಿಗೂ ನಿದ್ದೆಯ ಹೊತ್ತನ್ನು ಮೊಟಕು ಮಾಡುವ ಮುನ್ನ ಯೋಚಿಸಬೇಕು.

ಕೊನೆಗೆ ಆ ಪ್ರಶ್ನೆಯನ್ನು ನನಗೆ ಕೇಳಿದವಳು ಮನಶ್ಶಾಸ್ತ್ರ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ. “ಮೇಷ್ಟ್ರೇ, ಹಾಸಿಗೆಯಲ್ಲಿ ಎಷ್ಟು ಹೊತ್ತು ಇರುತ್ತೀರಿ?” ತನ್ನ ಅಧ್ಯಾಪಕಿಗೆ ತೋರಿಸಿ ತೋರಿಸಿ ನನ್ನ ದಿನಚರಿಯನ್ನು ತಿದ್ದಿದಳು. ಮೊದಲ ವಾರ ತೂಕಡಿಸುತ್ತ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡೆ. ಎರಡನೆಯ ತಿಂಗಳಿಗೆ ಅಲಾರಂ ಹೊಡೆದರೂ ಏಳಲು ಮನಸ್ಸಾಗದಷ್ಟು ನಿದ್ದೆ ಬಂತು.

ಅವಳಿಗೆ ವ್ಯಾಕರಣ ಕಲಿಸಿದವನು ನಾನು. ನನಗೆ ನಿದ್ದೆ ಕಲಿಸಿದವಳು ಅವಳು. ತಮಗೂ ನಿದ್ದೆ ಕೆಟ್ಟಿದ್ದರೆ ಗುಳಿಗೆಯನ್ನು ಬೇಡುವ ಮುನ್ನ ಇಂಥ ತರಬೇತಿ ಪಡೆದವರು ಸಮೀಪದಲ್ಲಿ ಇದ್ದಾರೆಯೇ ಎಂದು ವಿಚಾರಿಸಿರಿ. ಕೇಳುವವರು ಹೆಚ್ಚಿದರೆ ಕಲಿಸುವವರೂ ಹೆಚ್ಚುತ್ತಾರೆ.