ಕಣ್ಣು ಹಳದಿಯಾದಾಗ
(ಕೊತ್ತಗೆರೆಯಲ್ಲಿ ಸಂಜೆ ಪಾಠ ಮುಗಿದ ಮೇಲೆ ಆಡಿದ ಮಾತು)



ನಿಮ್ಮಲ್ಲಿ ಕೋಳಿ ಹಸನು ಮಾಡಿ ಗೊತ್ತಿರೋರು ಎಷ್ಟು ಜನ? ಲಿವರ್‌ಗೆ ಅಂಟಿಕೊಂಡು ಒಂದು ಹಸಿರು ಚೀಲ ಇರುತ್ತೆ. ಅದನ್ನು ಹುಷಾರಾಗಿ ಕೀಳ್ತೀರಿ. ಒಡೆದರೆ ಸಾರೆಲ್ಲ ಕಹಿ. ಅದೇ ಪಿತ್ತ.

ನಮ್ಮ ಹೊಟ್ಟೆಯಲ್ಲೂ ಪಿತ್ತ ಇದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಲಿವರ್ ಇದೆ. ಅದು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಪಿತ್ತರಸ ಮಾಡುತ್ತದೆ. ಆ ರಸ ಒಂದು ಸಣ್ಣ ಕೊಳವೆಯಲ್ಲಿ ಇಳಿದು ಕರುಳು ಸೇರುತ್ತದೆ. ಎಣ್ಣೆ, ತುಪ್ಪ ಅರಗಲು ಅದು ಬೇಕು. ಮಲಕ್ಕೆ ಬಣ್ಣ ಬರುವುದೂ ಅದರಿಂದಲೇ. ಆ ಕೊಳವೆಯ ಹೆಸರು ಪಿತ್ತನಾಳ.

ಕೆರೆ ತೂಬು ನೋಡಿದ್ದೀರಲ್ಲ. ತೂಬಿಗೆ ಹೂಳು ತುಂಬಿದರೆ ನೀರು ಗದ್ದೆಗೆ ಹೋಗಲ್ಲ, ಹಿಂದೆಯೇ ನಿಲ್ಲುತ್ತೆ. ಪಿತ್ತನಾಳ ಕಟ್ಟಿದರೂ ಹಾಗೇ. ಪಿತ್ತ ಹಿಂದೆ ನಿಂತು ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ ಆಗುತ್ತೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ಮಲ ಬಿಳಿಚಿ ಜೇಡಿಮಣ್ಣಿನ ಹಾಗೆ ಕಾಣುತ್ತೆ. ಮೈಯೆಲ್ಲ ನವೆ.

ನಮ್ಮ ದೊಡ್ಡಮ್ಮನಿಗೆ ಮೊದಲು ಬಂದದ್ದು ನವೆ. ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿ ಹುಯ್ಕೊಂಡರು. ಆಮೇಲೆ ಕಣ್ಣು ಹಳದಿ ಆಯ್ತು. "ಕಾಮಾಲೆ ಕಣೇ, ಸೊಪ್ಪಿನ ರಸ ಕುಡಿ, ಹೋಗುತ್ತೆ" ಅಂದರು. ಉಪ್ಪು, ಎಣ್ಣೆ ಬಿಟ್ಟು ಪಥ್ಯ ಮಾಡಿದರು. ಕೈಗೆ ಬರೆಯನ್ನೂ ಹಾಕಿಸಿದರು. ಹೊಟ್ಟೆನೋವು ಇರಲಿಲ್ಲ, ಅದಕ್ಕೇ ಯಾರೂ ಹೆದರಲಿಲ್ಲ. ಎರಡು ತಿಂಗಳು ಹೀಗೇ ಹೋಯ್ತು. ಕೈ ಸಣ್ಣಗಾಗಿ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಮಲದ ಬಣ್ಣ ಹೋಗಿದ್ದು ದೊಡ್ಡಮ್ಮನಿಗೆ ಮೊದಲೇ ಗೊತ್ತಿತ್ತಂತೆ. ಗಂಡಸರ ಮುಂದೆ ಅದನ್ನೆಲ್ಲ ಹೇಗೆ ಹೇಳೋದು ಅಂತ ಸುಮ್ಮನಿದ್ದರು. ನನಗೆ ಇವತ್ತಿಗೂ ಸಿಟ್ಟು ಬರೋದು ಆ ನಾಚಿಕೆ ಮೇಲೆ.

ಎಲ್ಲ ಕಾಮಾಲೆಯೂ ಕ್ಯಾನ್ಸರ್ ಅಲ್ಲ, ಗಾಬರಿ ಆಗಬೇಡಿ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನಾಗೇ ಹೋಗುತ್ತೆ. ಹೆಸರು ಮಾತ್ರ ಸೊಪ್ಪಿಗೆ ಬರುತ್ತೆ! ಪಿತ್ತದ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿ ಆಗುತ್ತೆ. ನಾಳದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದರೂ ಆಗುತ್ತೆ. ಯಾವುದು ಅಂತ ಕಣ್ಣು ನೋಡಿ ಯಾರೂ ಹೇಳಲಾರರು. ಮೊದಲು ರಕ್ತ ಪರೀಕ್ಷೆ. ಆಮೇಲೆ ಹೊಟ್ಟೆಯ ಸ್ಕ್ಯಾನಿಂಗ್. ಬಸುರಿಯರಿಗೆ ಮಾಡ್ತಾರಲ್ಲ, ಅದೇ. ನೋವಿಲ್ಲ. ನಾಳ ಊದಿದ್ದರೆ ಅದರಲ್ಲಿ ಕಾಣುತ್ತೆ. ಆಮೇಲೆ ಸಿ.ಟಿ., ಎಂ.ಆರ್.ಐ. ಬೇಕಾದರೆ ಬಾಯಿಂದ ಸಣ್ಣ ಕ್ಯಾಮೆರಾ ಕೊಳವೆ ಇಳಿಸಿ, ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ.

ಈ ಕ್ಯಾನ್ಸರ್ ವಯಸ್ಸಾದವರಲ್ಲೇ ಹೆಚ್ಚು. ತುಂಬ ಜನಕ್ಕೆ ಕಾರಣವೇ ಗೊತ್ತಾಗಲ್ಲ. ಥಾಯ್ಲೆಂಡ್ ಅನ್ನೋ ದೇಶದಲ್ಲಿ ಹಸಿ ಮೀನು ತಿಂದು, ಅದರ ಹುಳು ನಾಳದಲ್ಲಿ ಸೇರಿ ಬರುವುದುಂಟು. ಇದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ದೊಡ್ಡಮ್ಮನ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಅದು ತಪ್ಪು.

ಗಡ್ಡೆ ಹರಡದೆ ಇದ್ದರೆ ಆಪರೇಷನ್ ಮಾಡಿ ತೆಗೆಯಬಹುದು. ಕೆಲವು ಸಲ ಲಿವರಿನ ಒಂದು ಭಾಗವನ್ನೂ ತೆಗೀತಾರೆ. ಉಳಿದ ಲಿವರ್ ಮತ್ತೆ ಬೆಳೆಯುತ್ತೆ. ಆದರೆ ಹೆಚ್ಚು ಜನ ಬರುವ ಹೊತ್ತಿಗೆ ತಡವಾಗಿರುತ್ತೆ. ಆಗ ಕಟ್ಟಿದ ಜಾಗದಲ್ಲಿ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಇಟ್ಟು ಪಿತ್ತ ಇಳಿಸ್ತಾರೆ. ಜೊತೆಗೆ ಕೀಮೋ ಔಷಧಿ ಡ್ರಿಪ್ಪಿನಲ್ಲಿ ಕೊಡ್ತಾರೆ. ಇದರಿಂದ ಆಯಸ್ಸು ಹೆಚ್ಚಬಹುದು. ಪೂರ್ತಿ ವಾಸಿ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ.

ದೊಡ್ಡಮ್ಮನಿಗೆ ಪ್ಲಾಸ್ಟಿಕ್ ಸ್ಟೆಂಟ್ ಹಾಕಿದರು. ನವೆ ಇಳೀತು, ಮತ್ತೆ ಮುದ್ದೆ ಉಂಡರು. ಆ ಸ್ಟೆಂಟ್ ಸುಮಾರು 3 ತಿಂಗಳಿಗೆ ಬದಲಾಯಿಸಬೇಕು. ತಾರೀಖು ಬರೆದ ಚೀಟಿಯನ್ನು ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿದ್ದರು. ಮನೆಯಲ್ಲಿದ್ದ ಇಬ್ಬರಿಗೂ ಓದು ಬರ್ತಿರಲಿಲ್ಲ. ತಾರೀಖು ದಾಟಿ ಹೋಯ್ತು. ಒಂದು ರಾತ್ರಿ ನಡುಗಿಸೋ ಜ್ವರ ಬಂತು. ಸ್ಟೆಂಟ್ ಕಟ್ಟಿ ಕೀವಾಗಿತ್ತು. ಹಾಗಾದಾಗ ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಹೊರಡಬೇಕು. ಹೊರಟೆವು, ಉಳಿದರು. ಮುಂದಿನ ಯುಗಾದಿವರೆಗೂ ನಮ್ಮ ಜೊತೆ ಇದ್ದರು.

ಇನ್ನು ದುಡ್ಡಿನ ಮಾತು. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಮೊದಲು ಕುಣಿಗಲ್ ಸರ್ಕಾರಿ ಆಸ್ಪತ್ರೆಗೆ ಹೋಗಿ. ದೊಡ್ಡ ಆಸ್ಪತ್ರೆಗೆ ಕಳಿಸಿದರೆ ರೆಫರಲ್ ಚೀಟಿ ಕೇಳಿ ತಗೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ, ನಿಮ್ಹಾನ್ಸ್ ಹತ್ತಿರ. ಔಷಧಿ ಇನ್ನು ನಾಟದು ಅಂದವರಿಗೆ ಮಾರತಹಳ್ಳಿ ಬಳಿ ಕರುಣಾಶ್ರಯ ಇದೆ. 1999ರಿಂದ ಅಲ್ಲಿ ನೋವು ಕಡಿಮೆ ಮಾಡಿ, ದುಡ್ಡಿಲ್ಲದೆ ನೋಡಿಕೊಳ್ತಾರೆ.

ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು ಇದ್ದರೆ ಕೌಂಟರಿನಲ್ಲಿ ತೊಂದರೆ ಆಗುತ್ತೆ. ನಾಳೆ ಎರಡನ್ನೂ ತನ್ನಿ. ನಿಮ್ಮ ಹೆಸರು ನೀವೇ ಓದಿ, ಅಕ್ಷರ ಅಕ್ಷರ ಹೊಂದಿಸಿ ನೋಡೋಣ.